ಗೌಹರ ಯಾರ ಫೋನನ್ನೂ ಮುಟ್ಟುವುದಿಲ್ಲ

ಗೌಹರಳನ್ನು ಮೊದಲ ಸಲ ನೋಡಿದಾಗ ನನಗೆ ಬಂದದ್ದು ಸಿಟ್ಟು. ಹಾನಗಲ್ಲಿನಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಮೊಬೈಲ್ ಕಲಿಸಲು ಬಂದಿದ್ದಳು. ಒಬ್ಬ ಮುದುಕಿ ಫೋನು ಹಿಡಿದು ಒದ್ದಾಡುತ್ತಿದ್ದಳು. ಒತ್ತಬೇಕಾದ ಗುಂಡಿ ಕಣ್ಣೆದುರಿಗೇ ಇತ್ತು, ಆಕೆಗೆ ಕಾಣುತ್ತಿರಲಿಲ್ಲ. ಈ ಮಹಾರಾಯಿತಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ನಿಂತು, "ಇನ್ನೊಂಚೂರು ಕೆಳಗ ಬಾ ಯವ್ವಾ... ಹಾಂ, ಅಲ್ಲೇ, ಹಸಿರು ಬಣ್ಣದ್ದು" ಎನ್ನುತ್ತಿದ್ದಳು. ಒಂದು ಬೆರಳು ಮುಂದೆ ಚಾಚಿದ್ದರೆ ಕೆಲಸ ಮುಗಿಯುತ್ತಿತ್ತು. ಆಕೆ ಚಾಚಲೇ ಇಲ್ಲ.

ನಾನು ಸುಧಾರಾಣಿ, ನಿವೃತ್ತ ಶಾಲಾ ಶಿಕ್ಷಕಿ. ನೌಕರಿಯುದ್ದಕ್ಕೂ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು. ಕೈ ಹಿಡಿಯದೆ ಕಲಿಸುವುದು ನನ್ನ ಲೆಕ್ಕದಲ್ಲಿ ಕಲಿಸುವುದೇ ಅಲ್ಲ, ಸೊಕ್ಕು. ಅದನ್ನು ಅವಳ ಮುಖಕ್ಕೇ ಹೇಳಿದೆ. ಅವಳು ನನ್ನ ದನಿಯ ಗುರುತು ಹಿಡಿದು ನಕ್ಕು, "ಅಕ್ಕೋರ, ನಮ್ಮ ಜಾಹೀರಾತಿನ್ಯಾಗ ಕನ್ನಡ ತಪ್ಪೈತಿ ಅಂತ ಫೋನ್ ಮಾಡಿ ಬೈದಾಕಿ ನೀವ ಅಲ್ಲೇನ್ರಿ?" ಅಂದಳು. ಹೌದು, ಬೈದವಳು ನಾನೇ. ಗೋವಿನಜೋಳದ ಬೀಜದ ಜಾಹೀರಾತು ಅದು, ಎರಡು ಸಾಲಿನಲ್ಲಿ ಮೂರು ತಪ್ಪು. "ಬರ್ರಿ ಹಂಗಾರ, ನೀವ ತಿದ್ರಿ" ಎಂದು ನನ್ನನ್ನೇ ಕೆಲಸಕ್ಕೆ ಕರೆದಳು. ಬೈದವರನ್ನು ಕರೆದು ಕೂರಿಸಿಕೊಳ್ಳುವ ಹೆಂಗಸು ಎಂಥವಳಿರಬಹುದು ಎಂಬ ಕುತೂಹಲಕ್ಕೇ ನಾನು ಹೋದೆ.

ಅವಳ ಕಂಪನಿಯ ಹೆಸರು ಕಂದೀಲು ಮೀಡಿಯಾ. ಸವಣೂರಿನಲ್ಲಿ ಖಾರದ ತಿನಿಸಿನ ಅಂಗಡಿಯೊಂದರ ಮಾಳಿಗೆಯ ಮೇಲೆ ಎರಡು ಕೋಣೆ. ಕರಿದ ಎಣ್ಣೆಯ ವಾಸನೆ ಕಂಪ್ಯೂಟರಿಗೂ ಹತ್ತಿದೆ. ಕ್ಯಾಮೆರಾ ಹಿಡಿಯುವವನು ಜಾವೇದ, ಮಿಕ್ಕದ್ದೆಲ್ಲ ಗೌಹರ. ಮದುವೆಯ ವಿಡಿಯೊ, ಅಂಗಡಿಗಳ ಜಾಹೀರಾತು, ಹಿರೇಕೆರೂರಿನ ಸಂತೆಯ ಬಗ್ಗೆ, ವೀಳ್ಯದೆಲೆ ತೋಟದ ಬಗ್ಗೆ ಪುಟ್ಟ ಪುಟ್ಟ ಚಿತ್ರ. ಅದರಿಂದ ಹೊಟ್ಟೆ ತುಂಬುತ್ತದೆ. ವಾರದಲ್ಲಿ ಎರಡು ದಿನ ಮಾತ್ರ ಗೌಹರ ಸುತ್ತಲಿನ ನಾಲ್ಕು ತಾಲ್ಲೂಕಿನ ಹಳ್ಳಿಗಳಿಗೆ ಬಸ್ಸು ಹಿಡಿದು ಹೋಗಿ ಹೆಂಗಸರಿಗೆ ಫೋನು ಕಲಿಸುತ್ತಾಳೆ. ಫೋಟೊ ತೆಗೆಯುವುದು, ವಿಡಿಯೊ ಮಾಡುವುದು, ಮಾತು ರೆಕಾರ್ಡ್ ಮಾಡಿ ಕಳಿಸುವುದು. ಎಲ್ಲವೂ ಕೈ ಕಟ್ಟಿಕೊಂಡೇ. ಬರಬರುತ್ತ ನಾನೂ ಅವಳ ಜೊತೆ ಹೊರಡತೊಡಗಿದೆ.

ಯಾಕೆ ಹೀಗೆ ಎಂದು ಜಾವೇದನನ್ನು ಕೇಳಿದೆ. "ಅಕಿ ಮುಟ್ಟಿದ್ರ ಫೋನ್ ಕೆಡ್ತಾವ್ರಿ" ಎಂದು ಹಲ್ಲು ಕಿರಿದ. ಗೌಹರಳನ್ನೇ ಕೇಳಿದರೆ, "ನನ್ನ ಕೈ ಅವರ ಮನೀಗೆ ಹೋಗತೈತೇನ್ರಿ? ಅವರ ಕೈಯ ಕಲೀಬೇಕು" ಅಂದಳು. ಮಾತೇನೋ ಸರಿ. ಆದರೆ ಇದು ಬಂದುಹೋದವರಿಗೆಲ್ಲ ಕೊಡುವ ಉತ್ತರ ಎಂದು ನನಗೆ ಅನ್ನಿಸಿತು. ಶಾಲೆಯಲ್ಲಿ ಇಂಥ ಉತ್ತರಗಳನ್ನು ನಾನು ಬಹಳ ಕೇಳಿದ್ದೇನೆ.

ನಿಜವಾದ ಉತ್ತರ ಸಿಕ್ಕಿದ್ದು ಶಿಗ್ಗಾಂವಿಯ ಬಸ್ಸಿನಲ್ಲಿ, ನಾನು ಕೇಳದೇ ಇದ್ದ ದಿನ. ಅವಳ ಅಪ್ಪ ಮಲ್ಲಿಕಸಾಬ ಸವಣೂರಿನ ಬಸ್ ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತ್ ಇಟ್ಟಿದ್ದರಂತೆ.

"ಹತ್ತನೇತ್ತಾ ಸಾಲಿ ಮುಗಿಸಿ ಬೂತ್‌ನ್ಯಾಗ ನಾನ ಕುಂದರ್ತಿದ್ದೆ ಅಕ್ಕೋರ. ಹೆಣ್ಮಕ್ಕಳು ಬರ್ತಿದ್ರು, ನಂಬರ ಬರದ ಚೀಟಿ ಕೊಟ್ಟು 'ಹಚ್ಚಿ ಕೊಡ ಬೇಟಿ' ಅಂತಿದ್ರು. ಹಚ್ಚಿ ಕೊಟ್ಟ ಮ್ಯಾಲೆ ನಾ ಎಲ್ಲಿಗೆ ಹೋಗ್ಲಿ? ಗಾಜಿನ ಬಾಗಲಾ ಸರಿ ಮುಚ್ಚತಿದ್ದಿಲ್ಲ. ಯಾರ ಗಂಡ ಬರೂದಿಲ್ಲಂತ, ಯಾರ ಮಗಳಿಗೆ ಹೊಡೀತಾರಂತ, ಎಲ್ಲಾ ನನ್ನ ಕಿವ್ಯಾಗ. ಒಬ್ಬರ ಮುಂದೂ ನಾ ಬಾಯಿ ಬಿಟ್ಟಿಲ್ಲ. ಆದ್ರೂ ಓಣ್ಯಾಗ ನಾ ಎದುರಿಗೆ ಬಂದ್ರ ಅವ್ರು ಮುಖ ತಿರುವಿ ಹೋಗ್ತಿದ್ರು. ನಾ ಏನ ಮಾಡೇನಿ ಅಂತ ಅಳತಿದ್ದೆ. ಆಮ್ಯಾಲೆ ತಿಳೀತು. ಹಚ್ಚಿ ಕೊಟ್ಟಾಕಿ ಅಂದ್ರ ಎಲ್ಲಾ ಬಲ್ಲಾಕಿ. ಅಷ್ಟ ಸಾಕು ಅವ್ರಿಗೆ."

ಮೊಬೈಲು ಬಂದಮೇಲೆ ಬೂತ್ ಮುಚ್ಚಿತು. ಅದೇ ಜಾಗದಲ್ಲಿ ಫೋಟೊ ಸ್ಟುಡಿಯೊ ಬಂತು, ಅಲ್ಲಿ ಮದುವೆ ಆಲ್ಬಮ್ ಜೋಡಿಸುತ್ತ ಕಂಪ್ಯೂಟರ್ ಕಲಿತಳು. ನಡುವೆ ಮದುವೆಯಾಗಿ ಬಂಕಾಪುರಕ್ಕೆ ಹೋಗಿ, ಬಹಳ ದಿನವಾಗುವ ಮೊದಲೇ ತಿರುಗಿ ಬಂದಳು. ಯಾಕೆಂದು ನಾನು ಕೇಳಿದ್ದೇನೆ. ಆಕೆ ಹೇಳಿಲ್ಲ. ಊರವರ ಗುಟ್ಟನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡವಳಿಗೆ ತನ್ನದೊಂದನ್ನು ಇಟ್ಟುಕೊಳ್ಳುವುದು ಏನು ಕಷ್ಟ? ನನಗೆ ಮಾತ್ರ ಇನ್ನೂ ತಡೆಯಲಾಗುವುದಿಲ್ಲ.

ಇನ್ನು ಹಿರೇಬೆಂಡಿಗೇರಿಯ ಸಂಗತಿ. ಅಲ್ಲಿನ ತರಗತಿಗೆ ಹುಚ್ಚವ್ವ ಎಂಬ ಅರವತ್ತರ ಹೆಂಗಸು ಬರುತ್ತಿದ್ದಳು. ಓದು ಬರುವುದಿಲ್ಲ, ಕೈಯಲ್ಲಿ ಮಗ ಬಳಸಿ ಬಿಟ್ಟ ಫೋನು. ಮೊದಲ ದಿನ ಎಲ್ಲರೂ ಎದ್ದುಹೋದ ಮೇಲೆ ಗೌಹರಳ ಹತ್ತಿರ ಬಂದು, ನನ್ನ ಕಡೆ ಒಮ್ಮೆ ಅನುಮಾನದಿಂದ ನೋಡಿ, ಕೊನೆಗೆ ನನ್ನೆದುರಿಗೇ ಹೇಳಿದಳು. ಅವಳ ತವರು ಹಿರೇಕೆರೂರು ತಾಲ್ಲೂಕಿನ ಅಬಲೂರು. ಅಲ್ಲಿರುವವನು ಒಬ್ಬನೇ ತಮ್ಮ, ಉಳಿವೆಪ್ಪ. ಅವನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳುವುದೆಂದು ಮಕ್ಕಳು ಚಿಕ್ಕವರಿದ್ದಾಗಲೇ ಮಾತಾಗಿತ್ತು. ದೊಡ್ಡವನಾದ ಮೇಲೆ ಮಗ ಒಲ್ಲೆ ಅಂದ, ಬೇರೆ ಕಡೆಯ ಹುಡುಗಿಯನ್ನು ಮದುವೆಯಾದ. ಅಂದಿನಿಂದ ತಮ್ಮ ಅಕ್ಕನನ್ನು ಪಂಚಮಿಗೆ ಕರೆಯಲು ಬರುವುದನ್ನು ಬಿಟ್ಟ. ಮಗನೂ ಅಷ್ಟೇ ಹಟಮಾರಿ, ಮನೆಯಲ್ಲಿ ಅಬಲೂರಿನ ಹೆಸರೆತ್ತುವಂತಿಲ್ಲ.

"ಫೋನ ಹಚ್ಚಿದ್ರ ಅವ ಇಟ್ಟಬಿಡ್ತಾನ" ಅಂದಳು ಹುಚ್ಚವ್ವ. "ಮಾತ ರೆಕಾರ್ಡ್ ಮಾಡಿ ಕಳಿಸಿದ್ರ ಇವತ್ತಲ್ಲ ನಾಳಿ ಕೇಳ್ತಾನ. ಆದ್ರ ಯಾರ ಕಡೆ ಮಾಡಿಸ್ಲಿ? ಮೊಮ್ಮಗ ಅವರಪ್ಪಗ ಹೇಳ್ತಾನ. ಸೊಸಿ ಮುಂದಂತೂ ಆಗೂದ ಇಲ್ಲ. ಅಕಿ ಜಾಗದಾಗ ಇನ್ನೊಬ್ಬಾಕಿ ಬರಬೇಕಾಗಿತ್ತು ಅನ್ನೂ ಮಾತು ಅದು. ಅಕಿ ಎದುರಿಗೆ ಹೆಂಗ ಆಡ್ಲಿ? ನನ್ನ ಮಾತು ನಾನ ಹೇಳ್ಬೇಕು, ನಾನ ಕಳಿಸ್ಬೇಕು. ಯಾರ ಕಿವಿಗೂ ಬೀಳಬಾರದು."

ಗೌಹರ ತಲೆಯಾಡಿಸಿದಳು, ಅಷ್ಟೇ. ಆದರೆ ಆಮೇಲೆ ಪ್ರತಿ ತರಗತಿಯ ಕೊನೆಗೆ ಹುಚ್ಚವ್ವನಿಗೆ ಬೇರೆಯಾಗಿ ಕಲಿಸಿದಳು. ಯಾರೋ ನೆಂಟರಿಂದ ತಂದಿದ್ದ ತಮ್ಮನ ನಂಬರನ್ನು ಹುಚ್ಚವ್ವ ತಾನೇ ಫೋನಿಗೆ ಏರಿಸಿದಳು. ಅಂಕಿಗಳು ಮಾತ್ರ ಬಸ್ಸಿನ ನಂಬರ್ ನೋಡಿ ನೋಡಿ ಗೊತ್ತಿದ್ದವು. ಹೆಸರಿನ ಬದಲು ಗುರುತಿಗೆ ಅಬಲೂರಿನ ಗುಡಿಯ ಚಿತ್ರ. ಮೊದಲ ಹೆಜ್ಜೆಯಾಗಿ ಕೈ ಮುಗಿದ ಚಿತ್ರವೊಂದನ್ನು ತಮ್ಮನಿಗೆ ಕಳಿಸಿದಳು. ಅವನು ನೋಡಿದ ಎನ್ನುವುದಕ್ಕೆ ನೀಲಿ ಗೀಟು ಬಿತ್ತು. ಉತ್ತರ ಬರಲಿಲ್ಲ.

"ನೋಡ್ಯಾನಲ್ಲ, ಸಾಕು. ಇನ್ನ ಮಾತಾಡ್ತೇನಿ" ಅಂದಳು ಹುಚ್ಚವ್ವ.

ಮುಂದಿನ ವಾರ ತರಗತಿ ತುಂಬಿತ್ತು. ಹುಚ್ಚವ್ವನ ಸೊಸೆ ಭಾಗ್ಯಶ್ರೀಯೂ ಕಿಟಕಿಯ ಹತ್ತಿರ ಕೂತಿದ್ದಳು. ಪಿಯುಸಿ ಓದಿದವಳು, ಮಾತು ಕಡಿಮೆ. ತರಗತಿಯ ವಾಟ್ಸಾಪ್ ಗುಂಪನ್ನು ಕಟ್ಟಿದವಳು, ಅದರ ಅಡ್ಮಿನ್, ಅವಳೇ. ಗೌಹರ ಯಾವ ಹಳ್ಳಿಯ ಗುಂಪಿಗೂ ತಾನು ಯಜಮಾನಿಯಾಗುವುದಿಲ್ಲ. ಊರಿನವರ ಗುಂಪು ಊರಿನವರದೇ ಎಂಬುದು ಅವಳ ಇನ್ನೊಂದು ಹಟ. ಅವತ್ತಿನ ಪಾಠ, ಬಂದ ಮಾತನ್ನು ಒತ್ತಿ ಕೇಳುವುದು ಹೇಗೆ ಎಂಬುದು. ಪಾಠ ಶುರುವಾಗುವ ಹೊತ್ತಿಗೆ ಹುಚ್ಚವ್ವ ಮೆಲ್ಲಗೆ ಎದ್ದು ಫೋನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿನ ಬೇವಿನ ಮರದ ಕಡೆ ನಡೆದಳು. ನನ್ನ ಕಾಲು ತಾನಾಗಿಯೇ ಬಾಗಿಲಿಗೆ ಹೊರಟಿತು. ಏನು ಹೇಳಬಹುದು ಆಕೆ? ಕ್ಷಮೆ ಕೇಳುತ್ತಾಳೋ, ಬೈಯುತ್ತಾಳೋ?

"ಅಕ್ಕೋರ, ಕುಂದರ್ರಿ" ಅಂದಳು ಗೌಹರ, ನನ್ನ ಕಡೆ ನೋಡದೆಯೇ. ಕೂತೆ.

ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿದ್ದ ಎಲ್ಲ ಫೋನುಗಳೂ ಒಟ್ಟಿಗೆ ಟಿಣ್ ಎಂದವು. ನನ್ನದೂ ಎಂದಿತು. ನೋಡಿದೆ. ತರಗತಿಯ ಗುಂಪಿಗೆ ಹುಚ್ಚವ್ವನ ಹೆಸರಿನಲ್ಲಿ ಒಂದು ಉದ್ದನೆಯ ಮಾತು ಬಂದಿತ್ತು.

ಏನಾಯಿತೆಂದು ನನಗೆ ಆಮೇಲೆ ತಿಳಿಯಿತು. ಓದು ಬರದವರು ಜಾಗ ನೋಡಿ ನೆನಪಿಡುತ್ತಾರೆ, ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕತ್ತಲಲ್ಲೂ ಕೈಗೆ ಗೊತ್ತಿರುವ ಹಾಗೆ. ಎಲ್ಲಕ್ಕಿಂತ ಮೇಲಿರುವುದು ತಮ್ಮ ಎಂದು ಹುಚ್ಚವ್ವ ಗಟ್ಟಿ ಮಾಡಿಕೊಂಡಿದ್ದಳು. ಆದರೆ ಫೋನಿನಲ್ಲಿ ಡಬ್ಬಿಗಳೇ ಜಾಗ ಬದಲಿಸುತ್ತವೆ. ಅವತ್ತು ಬೆಳಿಗ್ಗೆ ಯಾರೋ ಪುಣ್ಯಾತ್ಗಿತ್ತಿ ಗುಂಪಿಗೆ ಗುಲಾಬಿ ಹೂವು ಕಳಿಸಿದ್ದಳು, ಗುಂಪು ಮೇಲಕ್ಕೆ ಬಂದು ತಮ್ಮ ಕೆಳಗಿಳಿದಿದ್ದ. ಕಣ್ಣು ಮಂಜಾಗಿತ್ತೋ ಎದೆ ಡವಗುಟ್ಟುತ್ತಿತ್ತೋ, ಹುಚ್ಚವ್ವ ಗುಡಿಯ ಚಿತ್ರವನ್ನು ನೋಡಲಿಲ್ಲ. ಜಾಗ ನಂಬಿ ಒತ್ತಿಬಿಟ್ಟಳು.

ಕೋಣೆಯ ತುಂಬ ಆಗತಾನೆ ಕೇಳುವುದನ್ನು ಕಲಿತ ಬೆರಳುಗಳು. "ಯಾರೂ ಒತ್ತಬ್ಯಾಡ್ರಿ! ಫೋನ್ ನೆಲಕ್ಕ ಇಡ್ರಿ, ಎಲ್ಲಾರೂ!" ಎಂದು ಗೌಹರ ಕೂಗಿದಳು. ಅವಳ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. ಹೆಂಗಸರು ಬೆಚ್ಚಿ ಫೋನುಗಳನ್ನು ಚಾಪೆಯ ಮೇಲೆ ಇಟ್ಟರು. ನಾನೂ ಇಟ್ಟೆ, ಇಡುವಾಗ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಗೌಹರ ಹೊರಗೆ ಓಡಿದಳು. ಇಡದೇ ಉಳಿದವಳು ಒಬ್ಬಳೇ, ಭಾಗ್ಯಶ್ರೀ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಹೆಸರನ್ನೇ ನೋಡುತ್ತಿದ್ದಳು.

ಕಿಟಕಿಯಿಂದ ಬೇವಿನ ಮರ ಕಾಣುತ್ತಿತ್ತು. ಹುಚ್ಚವ್ವನಿಗೆ ಆಗಿದ್ದು ಏನೆಂದು ಗೊತ್ತಾಗಿ ಮುಖ ಬೂದಿಯಾಗಿತ್ತು. ಗೌಹರ ಪಕ್ಕದಲ್ಲಿ ನಿಂತಿದ್ದಳು, ಆಗಲೂ ಕೈ ಬೆನ್ನ ಹಿಂದೆಯೇ. ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು. "ಅದರ ಮ್ಯಾಲೆ ಬೆರಳ ಇಡ ಯವ್ವಾ, ತಗೀಬ್ಯಾಡ, ಒತ್ತೇ ಹಿಡಿ" ಎನ್ನುತ್ತಿದ್ದಳು. ಹೊಲದ ಕೆಲಸಕ್ಕೆ ಒಡೆದ ಬೆರಳು, ಗಾಜು ಅದರ ಮಾತು ಕೇಳುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕಸಿದುಕೋ ಮಾರಾಯ್ತಿ, ಈ ಹೊತ್ತಿನಲ್ಲೂ ಇದೇನು ಹಟ ಎಂದು ಕೂಗಬೇಕೆನ್ನಿಸಿತು. ಕಸಿದುಕೊಂಡರೆ ಈ ಹೆಂಗಸು ಮತ್ತೆಂದೂ ಆ ಫೋನನ್ನು ತನ್ನದು ಅಂದುಕೊಳ್ಳುವುದಿಲ್ಲ ಎಂದು ಗೌಹರ ಆಮೇಲೆ ಹೇಳಿದಳು. ಇರಬಹುದು. ನಾನಾಗಿದ್ದರೆ ಕಸಿಯುತ್ತಿದ್ದೆ.

ಅಷ್ಟರಲ್ಲಿ ಚಾಪೆಯ ಮೇಲಿದ್ದ ನನ್ನ ಫೋನನ್ನು ಓರೆಗಣ್ಣಿನಿಂದ ನೋಡಿದೆ. ಹುಚ್ಚವ್ವನ ಮಾತು ಅಲ್ಲಿರಲಿಲ್ಲ. ಅದರ ಜಾಗದಲ್ಲಿ, ಅಡ್ಮಿನ್ ಭಾಗ್ಯಶ್ರೀ ಅಳಿಸಿದ್ದಾಳೆ ಎಂಬ ಒಂದು ಸಾಲು. ಗುಂಪಿಗೆ ಬಂದದ್ದನ್ನು ಕಳಿಸಿದವರು ಎಲ್ಲರ ಫೋನಿನಿಂದಲೂ ಅಳಿಸಬಹುದು, ಇಲ್ಲವೇ ಅಡ್ಮಿನ್ ಅಳಿಸಬಹುದು. ಅದನ್ನು ಭಾಗ್ಯಶ್ರೀಗೆ ಕಲಿಸಿದ್ದೂ ಗೌಹರಳೇ.

ಹುಚ್ಚವ್ವ ಒಳಗೆ ಬಂದು ಬಾಗಿಲಲ್ಲೇ ನಿಂತಳು. ಯಾರ ಮುಖವನ್ನೂ ನೋಡಲಿಲ್ಲ. ಭಾಗ್ಯಶ್ರೀ ಎದ್ದು ನಿಂತಳು.

"ಯಾರೂ ಕೇಳಿಲ್ರಿ ಅತ್ತಿ. ನಾನೂ ಕೇಳಿಲ್ಲ. ಅಳಿಸೇನಿ."

ಹುಚ್ಚವ್ವ ತಲೆ ಎತ್ತಿ ಅವಳನ್ನು ದಿಟ್ಟಿಸಿದಳು, ನಂಬಲೋ ಬೇಡವೋ ಎಂಬಂತೆ. ನಾನೂ ದಿಟ್ಟಿಸಿದೆ. ಅವಳು ಫೋನನ್ನು ಕಿವಿಗೆ ಒಯ್ದಿರಲಿಲ್ಲ, ಅದಕ್ಕೆ ನನ್ನ ಕಣ್ಣೇ ಸಾಕ್ಷಿ.

"ಮತ್ತೊಮ್ಮೆ ಹೇಳಿ ಕಳಸ್ರಿ ಅತ್ತಿ" ಅಂದಳು ಭಾಗ್ಯಶ್ರೀ. ಆಮೇಲೆ ದನಿ ತಗ್ಗಿಸಿ, "ಅಬಲೂರು ಮಾವಗ ನಂದೂ ಒಂದು ನಮಸ್ಕಾರ ಹೇಳ್ರಿ."

ಹುಚ್ಚವ್ವ ಸೊಸೆಯ ಹತ್ತಿರ ಬಂದು, "ನಿನಗ ಹೆಂಗ ಗೊತ್ತ?" ಅಂದಳು.

"ದಿನಾ ರಾತ್ರಿ ನಿಮ್ಮ ಫೋನ್ ಚಾರ್ಜಿಗೆ ಹಾಕಾಕಿ ನಾನ ಅಲ್ಲೇನ್ರಿ? ಗುಡಿ ಚಿತ್ರಾ ನೋಡೇನಿ, ಕೈ ಮುಗದದ್ದೂ ನೋಡೇನಿ. ಇವರ ಮುಂದ ಹೇಳಿಲ್ಲ." 'ಇವರು' ಎಂದರೆ ಅವಳ ಗಂಡ. "ನನ್ನ ಸಲುವಾಗಿ ನಿಮ್ಮ ತವರು ಹೋತಲ್ಲಾ ಅಂತ ನಾ ಈ ಮನಿಗೆ ಬಂದಾಗಿಂದ ಅನಕೊಳ್ಳಾಕತ್ತೇನ್ರಿ. ನಿಮ್ಮ ಮುಂದ ಹೆಂಗ ಅನ್ಲಿ?"

ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಇಬ್ಬರು. ಒಬ್ಬಳು ಸೊಸೆಗೆ ನೋವಾಗಬಾರದೆಂದು ಬಾಯಿ ಕಟ್ಟಿಕೊಂಡಿದ್ದಳು, ಇನ್ನೊಬ್ಬಳು ತಪ್ಪು ತನ್ನದೆಂದುಕೊಂಡು ಬಾಯಿ ಕಟ್ಟಿಕೊಂಡಿದ್ದಳು. ನನಗೆ ಅಳು ಬಂತು. ಗೌಹರ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದಳು, ಅವಳಿಗೂ ಬಂದಿರಬೇಕು.

ಹುಚ್ಚವ್ವ ಮೂಗು ಒರೆಸಿಕೊಂಡು, ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಈ ಸಲ ಜಾಗ ನೋಡದೆ ಗುಡಿಯ ಚಿತ್ರವನ್ನು ಹುಡುಕಿದಳು. ಸಿಕ್ಕಿತು. ಮತ್ತೆ ಹೊರಗೆ ಹೊರಟವಳು ಹೊಸ್ತಿಲಲ್ಲಿ ನಿಂತು ಸೊಸೆಯ ಕಡೆ ತಿರುಗಿದಳು.

"ನಿನ್ನ ನಮಸ್ಕಾರ ನಾ ಯಾಕ ಹೇಳ್ಲಿ? ನೀನ ಬಾ. ನಿನ್ನ ದನಿ ಅವ ಒಮ್ಮೆನೂ ಕೇಳಿಲ್ಲ."