ಶುಂಠಿ ಹೊಲದಲ್ಲಿರುವ ಮಗ

ಜೈಲಿಗೆ ಹೋಗಿ ಕೈದಿಗಳಿಗೆ ಅಧ್ಯಾತ್ಮ ಹೇಳ್ತೀನಿ ಅಂದಾಗ ನನ್ನ ಹೆಂಡತಿ ಒಲೆ ಕಡೆಯಿಂದ ತಿರುಗಿಯೂ ನೋಡಲಿಲ್ಲ. 'ಎದ್ದು ಹೋಗಕ್ಕಾಗದ ಜನ ಕೊನೆಗೂ ಸಿಕ್ಕಿದ್ರು ನಿಮಗೆ' ಅಂದಳು, ಅಷ್ಟೆ.

ನಾನು ನಿವೃತ್ತ ಇನ್ಶೂರೆನ್ಸ್ ಏಜೆಂಟ್. (ಬದುಕೆಲ್ಲಾ ಜನರಿಗೆ ಸಾವಿನ ಭಯ ಹುಟ್ಟಿಸಿ ಪಾಲಿಸಿ ಮಾರಿದವನು. ಈಗ ಭಯ ಬಿಡಿಸುವ ಡಿಪಾರ್ಟ್‌ಮೆಂಟು.) ಗುಂಡ್ಲುಪೇಟೆಯ ನಾವು ನಾಲ್ಕೈದು ಮಂದಿ ಪರ್ಮಿಷನ್ ತಗೊಂಡು ಪ್ರತಿ ಶನಿವಾರ ಚಾಮರಾಜನಗರದ ಜೈಲಿಗೆ ಹೋಗ್ತೀವಿ. ಭಜನೆ, ಧ್ಯಾನ, ಒಂದಿಷ್ಟು ಮಾತು. ಮಾತಿನ ಭಾಗ ನನ್ನದು. ಯಾರೂ ಕೊಟ್ಟಿದ್ದಲ್ಲ, ನಾನೇ ತಗೊಂಡಿದ್ದು.

ಒಂದು ಶನಿವಾರ ಸತ್ಯದ ಬಗ್ಗೆ ಚೆನ್ನಾಗಿ ಕೊರೆದೆ. ನನಗೇ ಕಣ್ಣು ತುಂಬಿ ಬಂತು. ಎದುರಿಗಿದ್ದವರು ಆಕಳಿಸಿದರು. ಮುಗಿದ ಮೇಲೆ ಹಂಗಳ ಕಡೆಯ ಮಾದೇವ ಹತ್ತಿರ ಬಂದ. ಬೇಲಿ ಜಗಳದಲ್ಲಿ ದಾಯಾದಿಯ ತಲೆ ಒಡೆದ ಕೇಸು, ಇನ್ನೂ ವಿಚಾರಣೆ ನಡೀತಿದೆ. ಏನೋ ಧರ್ಮಸೂಕ್ಷ್ಮ ಕೇಳ್ತಾನೆ ಅಂತ ನಾನು ಎದೆ ಉಬ್ಬಿಸಿ ನಿಂತೆ.

ಅವನಿಗೆ ಬೇಕಿದ್ದದ್ದು ಬೇರೆ. ಜಗಳದ ದಿನ ಅವನ ಅವ್ವ ಊರಲ್ಲಿರಲಿಲ್ಲ; ತಾನು ಕೇರಳಕ್ಕೆ ಶುಂಠಿ ಕೆಲಸಕ್ಕೆ ಹೋಗಿದ್ದೀನಿ ಅಂತ ನೆಂಟರ ಕೈಲಿ ಅವರಿಗೆ ಹೇಳಿಸಿದ್ದನಂತೆ. ತಿಂಗಳುಗಳಾದವು, ಆಕೆ ಏನು ತಿಳ್ಕೊಂಡಿದ್ದಾಳೋ ಅನ್ನೋ ಕೊರಗು.

'ಒಸಿ ಓಗಿ, ಚೆಂದಾಗವ್ನೆ ಅಂತ ಯೋಳ್ಬುಡಿ ಸಾ. ನೀವ್ ಯೋಳುದ್ರೆ ನಂಬ್ತಳೆ.'

ಸತ್ಯದ ಭಾಷಣ ಇನ್ನೂ ಬಾಯಲ್ಲಿ ಆರಿರಲಿಲ್ಲ. ಆಗಲ್ಲ ಅನ್ನಬೇಕಿತ್ತು. ಆದರೆ ಅವನು ಆಗಲೇ ಮನೆಗೆ ದಾರಿ ಹೇಳೋಕೆ ಶುರು ಮಾಡಿದ್ದ. ಒಪ್ಪಿಕೊಂಡೆ.

ಅವನ ಊರಿಗೆ ಹೋದಾಗ ಅವ್ವ ಚಿಕ್ಕತಾಯಮ್ಮ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ದರು. ನಾನು ನೇರ ವಯನಾಡಿನಿಂದಲೇ ಇಳಿದವನಂತೆ ಶುರು ಮಾಡಿದೆ. ಶುಂಠಿ ಬೆಳೆ, ಅಲ್ಲಿನ ಮಳೆ, ಒಳ್ಳೆ ಸಾಹುಕಾರ, ಹೊತ್ತಿಗೆ ಸರಿಯಾಗಿ ಕುಚಲಕ್ಕಿ ಅನ್ನ. ಮಾದೇವ ದಪ್ಪ ಆಗಿದ್ದಾನೆ ಅಂತಲೂ ಸೇರಿಸಿದೆ. (ಪಾಲಿಸಿ ಮಾರುವಾಗಲೂ ಇಷ್ಟು ಸರಾಗವಾಗಿ ಮಾತು ಬಂದಿರಲಿಲ್ಲ.)

ಆಕೆ ಪೂರ್ತಿ ಕೇಳಿಸಿಕೊಂಡರು. ಕೈ ಮಾತ್ರ ನಿಲ್ಲಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು:

'ಜೈಲಲ್ಲಿ ಕಂಬಳಿ ಗಿಂಬಳಿ ಕೊಡ್ತರಾ ಸಾಮಿ? ಅವ್ನಿಗೆ ಚಳಿ ತಡ್ಯಕಾಗಕಿಲ್ಲ.'

ಆಕೆಗೆ ಮೊದಲೇ ಗೊತ್ತಾಗಿತ್ತು. ಊರಲ್ಲಿ ಯಾರೋ ಬಾಯಿ ಬಿಟ್ಟಿದ್ದರು. ತಾನು ಹೋಗಿ ನಿಂತರೆ ಮಗ ನಾಚಿಕೆಯಿಂದ ಕುಗ್ಗಿ ಹೋಗ್ತಾನೆ ಅಂತ ಸುಮ್ಮನಿದ್ದರು. ಯಾರು ಕೇಳಿದರೂ ಕೇರಳದಲ್ಲಿದ್ದಾನೆ ಅಂತಲೇ ಹೇಳ್ತಿದ್ದರಂತೆ. ಹೊರಡುವಾಗ, ತನಗೆ ಗೊತ್ತು ಅನ್ನೋದನ್ನ ಅವನಿಗೆ ಹೇಳಬೇಡಿ ಅಂತ ಕೈ ಮುಗಿದರು.

ಮುಂದಿನ ಶನಿವಾರ ಮಾದೇವನಿಗೆ ಇನ್ನೊಂದು ಸುಳ್ಳು ಹೇಳಿದೆ: ಅವ್ವ ನಂಬಿದರು, ಖುಷಿಯಾಗಿದ್ದಾರೆ. ಅವನು ನನ್ನ ಮುಖವನ್ನೇ ನೋಡಿದ.

'ಅವ್ವುಂಗೆ ಗೊತ್ತು, ಅಲ್ವಾ ಸಾ?'

ನನ್ನ ಮುಖಕ್ಕೆ ಒಂದು ಗುಟ್ಟು ಇಟ್ಟುಕೊಳ್ಳುವ ಯೋಗ್ಯತೆಯೂ ಇಲ್ಲ. ತಲೆಯಾಡಿಸಿದೆ. ಅವನು ಗೋಡೆ ಕಡೆ ತಿರುಗಿ ಅತ್ತ. ಸಮಾಧಾನಕ್ಕೆ ಏನಾದರೂ ಹೇಳೋಣ ಅಂದರೆ ನನಗೆ ಒಂದೇ ಒಂದು ಮಾತು ಸಿಗಲಿಲ್ಲ. (ನನಗೆ!) ಕೊನೆಗೆ ಅವನೇ ಕಣ್ಣೊರೆಸಿಕೊಂಡು, ಅವ್ವನ್ನ ಕರ್ಕೊಂಡು ಬನ್ನಿ ಅಂದ.

ಹೋದ ವಾರ ಭೇಟಿಯ ದಿನ ಚಿಕ್ಕತಾಯಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಜಾಲರಿಯ ಈಚೆ ಅವ್ವ, ಆಚೆ ಮಗ. ಇಬ್ಬರೂ ನೆಲ ನೋಡ್ತಾ ನಿಂತರು. ಇಂಥ ಹೊತ್ತಿಗೆ ಅಂತಲೇ ನಾನು ಕ್ಷಮೆಯ ಬಗ್ಗೆ ನಾಲ್ಕು ಮಾತು ರೆಡಿ ಮಾಡಿಕೊಂಡಿದ್ದೆ. ಗಂಟಲು ಸರಿ ಮಾಡಿಕೊಂಡೆ.

'ಸಾಮಿ, ನೀವ್ ಒಸಿ ಒರ್ಗಡೆ ಓಗಿ ನಿಂತ್ಕಳಿ' ಅಂದರು ಆಕೆ.

ಹೋದೆ. ಬಾಗಿಲು ದಾಟುವಷ್ಟರಲ್ಲೇ ಹಿಂದೆ ಇಬ್ಬರ ದನಿಯೂ ಒಟ್ಟಿಗೆ ಶುರುವಾಗಿತ್ತು.

ಇಷ್ಟು ಶನಿವಾರಗಳಲ್ಲಿ ನಾನು ಮಾಡಿದ ನಿಜವಾದ ಆಧ್ಯಾತ್ಮಿಕ ಸೇವೆ ಅದೊಂದೇ ಇರಬಹುದಾ?