ದಾರವನ್ನೇ ನಂಬಿದ ಖಾದರ್ ಸಾಬರು

ಖಾದರ್ ಸಾಬರು ಹೊಲಿದ ಪ್ಯಾಂಟನ್ನು ಗಿರಾಕಿಯ ಕೈಗೆ ಸುಮ್ಮನೆ ಕೊಟ್ಟವರಲ್ಲ. ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ, "ನೋಡಿ, ಬಟ್ಟೆ ಹರಿದ್ರೂ ಹೊಲಿಗೆ ಬಿಡಲ್ಲ" ಎಂದ ಮೇಲೆಯೇ ಮಡಚುತ್ತಿದ್ದರು. ಇಸ್ತ್ರಿ ಹಾಕಿ ಅಂಟಿಸುವ ಕಾಲರ್ ಪಟ್ಟಿ ಬಂದಾಗ ಭದ್ರಾವತಿಯ ದರ್ಜಿಗಳೆಲ್ಲ ಅದಕ್ಕೆ ಮುಗಿಬಿದ್ದರು. ಸಾಬರು ಮಾತ್ರ, "ಅಂಟು ಚಪ್ಪಲಿಗೆ, ಮೇಷ್ಟ್ರೇ. ಮೈಮೇಲೆ ಹಾಕೋದಕ್ಕೆ ದಾರಾನೇ" ಎಂದು ಹಟ ಹಿಡಿದರು. ಆ ಮೇಷ್ಟ್ರು ನಾನೇ, ಪಕ್ಕದ ಮನೆಯವನು. ಅವರ ಹಟಕ್ಕೆ ನಗುತ್ತಿದ್ದೆ, ಅಂಗಿ ಹೊಲಿಸುವುದು ಮಾತ್ರ ಅವರ ಹತ್ತಿರವೇ.

ಅವರಿಗೆ ಕಾಣುತ್ತಿದ್ದುದು ಬಲಗಣ್ಣೊಂದರಲ್ಲೇ; ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಬಲಗಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡಿದ್ದರು. ಒಂದು ದಿನ ಅಂಗಡಿಯ ಶಟರ್ ಹಣೆಗೆ ಬಡಿದು ಆ ಲೆನ್ಸ್ ಜಾರಿಬಿಟ್ಟಿತು. ಶಿವಮೊಗ್ಗಕ್ಕೆ ನಾನೇ ಕರೆದುಕೊಂಡು ಹೋದೆ.

ಅಲ್ಲಿ ದುರ್ಗಿಗುಡಿಯ ಕಣ್ಣಿನ ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಲೆನ್ಸನ್ನು ಹಿಡಿದಿಡುವ ಚೀಲ ಹರಿದಿದೆ, ಈಗ ಕಣ್ಣಿನ ಬಿಳಿಗೋಡೆಗೇ ಕಟ್ಟಬೇಕು. ದಾರದಿಂದ ಹೊಲಿಯಬಹುದು, ಇಲ್ಲವೇ ಲೆನ್ಸಿನ ಎರಡು ಕಡ್ಡಿಗಳನ್ನು ಗೋಡೆಯೊಳಗೆ ಸಿಕ್ಕಿಸಿ ಅಂಟು ಹಾಕಬಹುದು.

"ದಾರ ವರ್ಷ ಕಳೆದಂಗೆ ಸವೆದು ತುಂಡಾಗ್ಬಹುದು. ಅಂಟಿನದ್ರಲ್ಲೂ ಕಡ್ಡಿ ಜಾರೋದುಂಟು. ಕಾಣ್ಸೋದು ಎರಡ್ರಲ್ಲೂ ಹೆಚ್ಚುಕಮ್ಮಿ ಒಂದೇ. ನೀವೇ ಯೋಚ್ನೆ ಮಾಡಿ ಹೇಳಿ."

ಯೋಚನೆಯಂತೆ! ಅಂಟು ಎಂಬ ಮಾತು ಕಿವಿಗೆ ಬಿದ್ದಾಗಲೇ ಸಾಬರ ತೀರ್ಮಾನ ಆಗಿಹೋಗಿತ್ತು. "ಹೊಲೀರಿ ಡಾಕ್ಟರಮ್ಮ, ಡಬಲ್ ದಾರ ಹಾಕಿ" ಎಂದರು. ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನೇನು ಹೇಳಲಿ? ಇರುವುದೊಂದು ಕಣ್ಣು, ಅದೂ ಅವರದು.

ಕೆಲವು ವರ್ಷ ಚೆನ್ನಾಗಿಯೇ ಕಂಡಿತು. ಹೋದ ವರ್ಷ ಒಂದು ಬೆಳಿಗ್ಗೆ ಗೋಡೆ ತಡವುತ್ತ ನಮ್ಮ ಬಾಗಿಲಿಗೆ ಬಂದರು. "ಮೇಷ್ಟ್ರೇ, ದಾರ ಬಿಟ್ತು."

ಈ ಸಲ ಲೆನ್ಸ್ ಕಣ್ಣಿನ ಹಿಂಭಾಗಕ್ಕೆ ಬಿದ್ದಿತ್ತು, ಅಲ್ಲಿನ ರೆಟಿನಾ ಪರದೆಯೂ ಕಿತ್ತುಬಂದಿತ್ತು. ಮತ್ತೆ ಆಪರೇಷನ್ ಆಯಿತು. ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವಷ್ಟು ಬಿಟ್ಟರೆ ಏನೂ ಉಳಿಯಲಿಲ್ಲ. ಡಾಕ್ಟರಮ್ಮನನ್ನು ಬೈಯುವಂತಿಲ್ಲ, ಸಾಬರನ್ನು ಬೈಯಲು ಬಾಯಿ ಬರುವುದಿಲ್ಲ. ಆ ಸಂಕಟವನ್ನು ಎಲ್ಲಿ ಇಳಿಸುವುದೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅಂಗಡಿ ಮುಚ್ಚಿ ಆಯನೂರಿನ ಮಗಳ ಮನೆಗೆ ಹೊರಟರು. ಶಿವಮೊಗ್ಗದ ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಹೋದೆ. ಆಮೇಲೆ ಅವರನ್ನು ಕಂಡಿಲ್ಲ. ಬಸ್ಸು ಹತ್ತುವ ಮುಂಚೆ ನನ್ನ ಕೈ ಹಿಡಿದುಕೊಂಡು ಕೇಳಿದರು.

"ಅವತ್ತು ಅಂಟೇ ಹಾಕಿಸ್ಕೊಂಡಿದ್ರೆ ನಿಲ್ತಿತ್ತಾ, ಮೇಷ್ಟ್ರೇ?"

"ಅದೂ ಬಿಡ್ತಿತ್ತು, ಸಾಬ್ರೇ."

ಸಾಬರು ನನ್ನ ದನಿಯ ಕಡೆಗೆ ಮುಖ ತಿರುಗಿಸಿದರು.

"ಮೊದ್ಲಾಗಿದ್ರೆ ನಿಮ್ಮ ಮುಖ ನೋಡಿ ಸುಳ್ಳೋ ನಿಜಾನೋ ಹೇಳ್ತಿದ್ದೆ. ಈಗ ನೀವು ಹೇಳಿದ್ದೇ ನಿಜ ಅನ್ಕೋಬೇಕು."