ಡೆಲ್ಲಿಗೆ ಹೋದ ಅವರೇಬೇಳೆ ಸಾರು

ಯಲಹಂಕದ ದೊಡ್ಡಮುನಿಯಮ್ಮ ದೂರವನ್ನು ಸಾರಿನಲ್ಲಿ ಅಳೆಯುತ್ತಿದ್ದಳು. ಬೆಳಿಗ್ಗೆ ತನ್ನ ಒಲೆಯ ಮೇಲೆ ಕುದಿಸಿದ ಸಾರು ಹಳಸುವುದರೊಳಗೆ ತಲುಪುವ ಊರಾದರೆ ಹೆಣ್ಣು ಕೊಡಬಹುದು. ಅದರಾಚೆ ಎಂಥ ರಾಜಕುಮಾರನಿದ್ದರೂ ಬೇಡ. ಈ ಲೆಕ್ಕದಲ್ಲೇ ಒಬ್ಬ ಮಗಳನ್ನು ಚಿಕ್ಕಜಾಲಕ್ಕೂ ಇನ್ನೊಬ್ಬಳನ್ನು ಯಶವಂತಪುರಕ್ಕೂ ಕೊಟ್ಟಿದ್ದಳು. ಮಗಳು ಹೊಟ್ಟೆತುಂಬ ಉಂಡದ್ದನ್ನು ಕಣ್ಣಾರೆ ನೋಡದಿದ್ದರೆ ಆಕೆಗೆ ಸಮಾಧಾನವಿಲ್ಲ. ಹಬ್ಬ ಬಂತೆಂದರೆ ಸಾರಿನ ಪಾತ್ರೆ ಹೊತ್ತು ಮುದುಕಿ ಹಾಜರ್. ಅಳಿಯಂದಿರು ಮುಖ ಗಂಟಿಕ್ಕಿಕೊಂಡೇ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದರು.

೧೯೬೧ರ ಚಳಿಗಾಲದಲ್ಲಿ ಮೊಮ್ಮಗಳು ಅಂಜನಮ್ಮನನ್ನು ನೋಡಲು ಅಮೃತಹಳ್ಳಿಯ ಪಿಳ್ಳಣ್ಣ ಬಂದ. ಹುಡುಗ ವಿಮಾನ ಕಂಪನಿಯೊಂದರಲ್ಲಿ ಮೆಕ್ಯಾನಿಕ್, ಕೆಲಸ ಡೆಲ್ಲಿಯಲ್ಲಿ. ಅಂಜನಮ್ಮ ಬಾಗಿಲ ಸಂದಿಯಿಂದ ನೋಡಿ ಆಗಲೇ ಮನಸೋತಿದ್ದಳು. ಮುದುಕಿ ಮಾತ್ರ ತಲೆ ಅಲ್ಲಾಡಿಸಿದಳು.

"ಡೆಲ್ಲೀಗೆ ರೈಲಲ್ಲಿ ಮೂರು ದಿನ ಕಣಪ್ಪಾ. ಆಗಾಕಿಲ್ಲ."

"ವಿಮಾನದಲ್ಲಿ ಏಳು ಗಂಟೆ ಅಜ್ಜಿ," ಎಂದ ಪಿಳ್ಳಣ್ಣ. "ಸಾವಿರದ ಚಿಲ್ಲರೆ ಮೈಲಿ. ಬೆಳಿಗ್ಗೆ ಹತ್ತಿದ್ರೆ ದೀಪ ಹಚ್ಚೋ ಹೊತ್ತಿಗೆ ಅಲ್ಲಿರ್ತೀವಿ."

"ಅಂಗಾದ್ರೆ ನೋಡೇಬಿಡಾನ."

ಅವನು ಡೆಲ್ಲಿಗೆ ಹೊರಟ ದಿನ ಮುದುಕಿ ನಸುಕಿನಲ್ಲೇ ಎದ್ದು, ಹಿತಕಿದ ಅವರೇಬೇಳೆಗೆ ಹಸಿ ತೆಂಗಿನಕಾಯಿ ರುಬ್ಬಿ ಹಾಕಿ ಸಾರು ಮಾಡಿ, ಡಬ್ಬಿಗೆ ತುಂಬಿ ಕೊಟ್ಟಳು. "ಓಗಿ ಉಂಡು, ಎಂಗಿತ್ತು ಅಂತ ಕಾಗ್ದ ಬರಿ. ಕೆಟ್ಟಿದ್ರೆ ಈ ಸಂಬಂಧ ಇಲ್ಲ."

ಮಗ ಮುನಿರಾಮಯ್ಯನಿಗೆ ಮಗಳ ಮದುವೆಯ ಆತುರ. ಹುಡುಗನನ್ನು ಪಕ್ಕಕ್ಕೆ ಕರೆದು, "ಏನಾದ್ರೂ ಆಗ್ಲಿ, ಚೆನ್ನಾಗಿತ್ತು ಅಂತ ಬರೀರಿ, ಸಾಕು," ಎಂದು ಕಿವಿಯಲ್ಲಿ ಊದಿದ. ಮುದುಕಿಯ ಕಿವಿ ಮಹಾ ಚುರುಕು. ಅಷ್ಟನ್ನೂ ಕೇಳಿಸಿಕೊಂಡೇ ಒಲೆಯ ಬೂದಿ ತೆಗೆಯಲು ಹೋದಳು.

ಎಂಟು ದಿನಕ್ಕೆ ಕಾಗದ ಬಂತು. ಮುದುಕಿಗೆ ಓದು ಬಾರದು, ಮುನಿರಾಮಯ್ಯ ಕೆಲಸಕ್ಕೆ ಹೋಗಿದ್ದ. ಅಂಜನಮ್ಮನೇ ಬಿಡಿಸಿದಳು. ಕಣ್ಣಾಡಿಸುತ್ತಿದ್ದಂತೆ ಅವಳ ಮುಖ ಬಾಡಿತು. ಅವಳು ಏನು ಓದಿದರೂ ಅಜ್ಜಿ ನಂಬಲೇಬೇಕು. ಅದು ಇಬ್ಬರಿಗೂ ಗೊತ್ತಿತ್ತು. ಹುಡುಗಿ ಕಾಗದವನ್ನು ಇನ್ನೊಮ್ಮೆ ಮೊದಲಿನಿಂದ ನೋಡಿದಳು. ಕೊನೆಗೆ ಬಿಕ್ಕುತ್ತಾ ಇದ್ದದ್ದನ್ನು ಇದ್ದಂತೆಯೇ ಓದಿದಳು:

"'ಡೆಲ್ಲಿಯಲ್ಲಿ ಮಂಜು ಕವಿದಿದೆಯೆಂದು ನಮ್ಮನ್ನು ಒಂದು ರಾತ್ರಿ ನಾಗಪುರದಲ್ಲೇ ಇಳಿಸಿದರು. ಮನೆ ಸೇರುವಷ್ಟರಲ್ಲಿ ಸಾರು ಹಳಸಿತ್ತು. ಚೆನ್ನಾಗಿತ್ತು ಎಂದು ಬರೆಯಲು ಪೆನ್ನು ತೆಗೆದೆ, ಕೈ ಬರಲಿಲ್ಲ. ಕ್ಷಮಿಸಿ.'"

ಕಾಗದ ಮಡಚಿ ಅಂಜನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಡೆಲ್ಲಿ ದೂರವೇ, ಅದರಲ್ಲಿ ಅನುಮಾನವಿಲ್ಲ. ಅಲ್ಲಿಗೆ ಸಾರಿನ ಪಾತ್ರೆ ಹೊತ್ತು ಹೋಗುವುದು ಮುದುಕಿಯಿಂದ ಆಗದ ಮಾತು. ಆದರೂ ಆ ಹುಡುಗಿಯನ್ನು ನೋಡುತ್ತಾ ನೋಡುತ್ತಾ ಅವಳಿಗೆ ನಗು ಬಂದುಬಿಟ್ಟಿತು.

"ಅವನಿಗೆ ಸುಳ್ಳು ಬರೆಯಾಕೆ ಬರ್ನಿಲ್ಲ, ನಿಂಗೆ ಸುಳ್ಳು ಓದಾಕೆ ಬರ್ನಿಲ್ಲ," ಎಂದಳು. "ಇಂಥ ಪೆದ್ದುಗಳನ್ನ ಬೇರೆ ಬೇರೆ ಕಡೆ ಕೊಟ್ಟು ಎರಡು ಮನೆ ಯಾಕೆ ಕೆಡಿಸ್ಲಿ? ಅಳಬೇಡ ಕಣಮ್ಮಿ. ನಿಮ್ಮಪ್ಪ ಬರ್ಲಿ, ಲಗ್ನ ಕಟ್ಸಾನ."